ದಾನ್‌ಶೆನ್ ಒಂದು ಸಲ ಪಾಸ್, ಇನ್ನೊಂದು ಸಲ ಫೇಲ್: ಚೀನೀ ಗಿಡಮೂಲಿಕೆಯ ಬ್ಯಾಚ್ ವ್ಯತ್ಯಾಸ ಪತ್ತೆ ಹಚ್ಚುವ ಕೈಪಿಡಿ

ದಾನ್‌ಶೆನ್ ಎಂದರೆ ಸಾಲ್ವಿಯಾ ಮಿಲ್ಟಿಯೊರೈಜಾ ಎಂಬ ಗಿಡದ ಕೆಂಪು ಬೇರು. ಚೀನಾದಲ್ಲಿ ಹೃದಯ ಮತ್ತು ರಕ್ತಸಂಚಾರದ ತೊಂದರೆಗಳಿಗೆ ಬಳಸುವ ಬಹಳಷ್ಟು ಸಾಂಪ್ರದಾಯಿಕ ಔಷಧಿಗಳಲ್ಲಿ ಇದು ಇರುತ್ತದೆ. ಸಿಚುವಾನ್, ಶಾಂಡೊಂಗ್, ಹೆನಾನ್ ಪ್ರಾಂತ್ಯಗಳ ಹೊಲಗಳಲ್ಲಿ ಬೆಳೆದು, ಅನ್ಹುಯಿ ಪ್ರಾಂತ್ಯದ ಬೋಝೌ, ಹೆಬೆಯ ಅನ್‌ಗುವೊ ಅಂಥ ದೊಡ್ಡ ಮಂಡಿಗಳಲ್ಲಿ ಕೈ ಬದಲಾಯಿಸಿ ಕಾರ್ಖಾನೆ ಸೇರುತ್ತದೆ. ಹೊಲ, ಅಂಗಳ, ಗೋದಾಮು, ಲಾರಿ ಎಲ್ಲವೂ ಬೇರಿನ ಮೇಲೆ ತಮ್ಮ ಗುರುತು ಬಿಟ್ಟಿರುತ್ತವೆ. ಹಾಗಾಗಿ ಹೋದ ತಿಂಗಳ ಬ್ಯಾಚಿನಂತೆ ಈ ತಿಂಗಳದ್ದು ಬರದೇ ಹೋದರೆ ತಪ್ಪು ಎಲ್ಲಿ ಎಂದು ಹುಡುಕುವುದು ತಾಳ್ಮೆಯ ಕೆಲಸ.

ಬೆಂಗಳೂರಿನ ಒಂದು ಪರೀಕ್ಷಾ ಲ್ಯಾಬಿನಲ್ಲಿ ಹೊರದೇಶದ ಗಿಡಮೂಲಿಕೆಗಳನ್ನು ನೋಡುವ ಕೆಲಸ ಮಾಡಿದವನು ನಾನು. ಹೊಸಬರಿಗೆ ಬಾಯಲ್ಲಿ ಹೇಳಿಕೊಡುತ್ತಿದ್ದುದನ್ನೇ ಇಲ್ಲಿ ಬರೆದಿದ್ದೇನೆ. ಕಣ್ಣಿಗೆ ಕಂಡ ಲಕ್ಷಣದಿಂದ ಶುರುಮಾಡಿ, ಖರ್ಚಿಲ್ಲದ ತಪಾಸಣೆ ಮೊದಲು, ದುಬಾರಿ ಯಂತ್ರ ಆಮೇಲೆ. ಇಲ್ಲಿನ ಮಿತಿಗಳು ಚೀನಾ ಫಾರ್ಮಕೋಪಿಯದ, ಅಂದರೆ ಔಷಧಿಗಳ ಗುಣಮಟ್ಟ ನಿಗದಿಪಡಿಸುವ ಅಧಿಕೃತ ಗ್ರಂಥದ, 2020ರ ಆವೃತ್ತಿಯವು. ಈಗ ಅದರ ಜಾಗಕ್ಕೆ 2025ರ ಆವೃತ್ತಿ ಬಂದಿದೆ. ನಿಮ್ಮ ಖರೀದಿ ಕರಾರಿನಲ್ಲಿ ಯಾವುದು ಬರೆದಿದೆಯೋ ಅದನ್ನೇ ಹಿಡಿಯಿರಿ.

ಕೈ ಹಾಕುವ ಮೊದಲು

ಬಂದ ಸರಕಿನಿಂದ ಒಂದು ಪಾಲನ್ನು ಮುಚ್ಚಿ, ಮೊಹರು ಹಾಕಿ, ತಂಪಾದ ಕತ್ತಲ ಜಾಗದಲ್ಲಿ ಎತ್ತಿಡಿ. ಹಿಂದೆ ಪಾಸಾದ ಒಳ್ಳೆಯ ಬ್ಯಾಚಿನ ಪಾಲೂ ನಿಮ್ಮ ಬಳಿ ಇರಬೇಕು. ಈ ಕೈಪಿಡಿಯ ಅರ್ಧ ಉತ್ತರಗಳು ಆ ಹಳೆಯ ಡಬ್ಬಿಯಿಂದಲೇ ಸಿಗುತ್ತವೆ. ಅದನ್ನು ಇಟ್ಟುಕೊಳ್ಳದ ಲ್ಯಾಬು ಕತ್ತಲಲ್ಲಿ ತಡಕಾಡಿದಂತೆ.

ಫೇಲ್ ಬಂತೆಂದು ಪಾಸ್ ಬರುವವರೆಗೂ ಮತ್ತೆ ಮತ್ತೆ ಟೆಸ್ಟ್ ಮಾಡಬೇಡಿ. ಮೊದಲ ಸಂಖ್ಯೆಯನ್ನು ಬರೆದಿಡಿ, ಕಾರಣ ಹುಡುಕಿ, ಆಮೇಲೆ ಮರುಪರೀಕ್ಷೆ.

ಗುರುತು ಖಚಿತವಾಗದ ಬೇರನ್ನು ನಾಲಿಗೆಗೆ ಮುಟ್ಟಿಸಲೇಬೇಡಿ. ಹಳೆಯ ಪುಸ್ತಕಗಳಲ್ಲಿ ರುಚಿಯೂ ಒಂದು ಪರೀಕ್ಷೆ, ನಿಜ. ಆದರೆ ಚೀನೀ ಮೂಲಿಕೆಗಳಲ್ಲಿ ಚುವಾನ್‌ವು, ಫುಝಿ ಎಂಬ ವತ್ಸನಾಭಿ ಜಾತಿಯ ಗೆಡ್ಡೆಗಳಿವೆ. ಅವುಗಳ ಅಕೋನಿಟೈನ್ ಅತಿ ಸ್ವಲ್ಪ ಪ್ರಮಾಣದಲ್ಲೇ ಹೃದಯದ ಬಡಿತ ಕೆಡಿಸುತ್ತದೆ. ಮೆಥನಾಲ್ ಬಳಸುವ ಹೆಜ್ಜೆಗಳೆಲ್ಲ ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಒಳಗೇ ನಡೆಯಲಿ. ಅದು ಕಣ್ಣು ಕಳೆಯುವ ವಿಷ, ಬೇಗ ಬೆಂಕಿ ಹತ್ತುವ ದ್ರವ.

ಲಕ್ಷಣ: ಬಣ್ಣ, ವಾಸನೆ ಹಿಂದಿನಂತಿಲ್ಲ

ಬಿಳಿ ಕಾಗದದ ಮೇಲೆ ಹಳೆಯ ಬ್ಯಾಚು ಎಡಕ್ಕೆ, ಹೊಸದು ಬಲಕ್ಕೆ ಹರಡಿ, ಕಿಟಕಿಯ ಹಗಲು ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟಿನಲ್ಲಿ ಕೆಂಪು ಬಣ್ಣ ಮೋಸ ಮಾಡುತ್ತದೆ. ಹೊಲದಲ್ಲಿ ಬೆಳೆದ ದಾನ್‌ಶೆನ್ ತುಂಬಿಕೊಂಡಿರುತ್ತದೆ, ಸಿಪ್ಪೆ ಬಿಗಿಯಾಗಿ ಅಂಟಿರುತ್ತದೆ, ಬಣ್ಣ ಕೆಂಪುಗಂದು, ಮುರಿದ ಜಾಗ ಸಮತಟ್ಟಾಗಿ ಸ್ವಲ್ಪ ಕೊಂಬಿನಂತೆ ಹೊಳೆಯುತ್ತದೆ. ಕಾಡಿನಿಂದ ಅಗೆದದ್ದು ಒರಟು. ಮುದಿ ಬೇರಿನ ಸಿಪ್ಪೆ ನೇರಳೆ ಮಿಶ್ರಿತ ಕಂದಾಗಿ ಪದರ ಪದರ ಏಳುತ್ತದೆ, ಮುರಿದರೆ ಒಳಗೆ ಸಡಿಲ, ನಡುವೆ ಬಿರುಕು. ಎರಡೂ ನಿಜವಾದ ದಾನ್‌ಶೆನ್ನೇ. ಆದರೆ ಒಂದೇ ಚೀಲದಲ್ಲಿ ಎರಡೂ ಕಲೆತಿದ್ದರೆ ಮಂಡಿಯಲ್ಲಿ ಯಾರೋ ಬೇರೆ ಬೇರೆ ಮೂಲದ ಸರಕನ್ನು ಸೇರಿಸಿದ್ದಾರೆ. ನಿಮ್ಮ ಸಂಖ್ಯೆಗಳು ಕುಣಿಯಲು ಅಷ್ಟೇ ಸಾಕು.

ಬಣ್ಣ ವಿಪರೀತ ಚೆಂದವಿದ್ದರೆ ಅನುಮಾನಿಸಿ. ಒಂದು ಚಿಟಿಕೆ ತೆಗೆದು ಗಾಜಿನ ಲೋಟದ ತಣ್ಣೀರಿಗೆ ಹಾಕಿ. ದಾನ್‌ಶೆನ್‌ನ ಕೆಂಪಿಗೆ ಕಾರಣವಾದ ಟ್ಯಾನ್‌ಶಿನೋನ್‌ಗಳು ನೀರಿನಲ್ಲಿ ಕರಗುವುದಿಲ್ಲ ಎನ್ನುವಷ್ಟು ಕಡಿಮೆ ಕರಗುತ್ತವೆ. ನೀರು ತಕ್ಷಣವೇ ಕುಂಕುಮ ಕಲಸಿದಂತೆ ಕೆಂಪಾದರೆ ಅದು ಬೇರಿನ ಬಣ್ಣವಲ್ಲ. ನಮಗೆ ಗುರುತಿರುವ ಉದಾಹರಣೆ ಬೇಕಾದರೆ ಕುಸುಬೆ ಹೂವನ್ನು ನೋಡಿ. ವಿಜಯಪುರ, ಕಲಬುರಗಿ ಕಡೆ ಎಣ್ಣೆಗಾಗಿ ಬೆಳೆಯುವ ಅದೇ ಕುಸುಬೆಯ ಎಸಳುಗಳು ಚೀನಾದಲ್ಲಿ ಹೊಂಗ್‌ಹುವಾ ಎಂಬ ಔಷಧಿ. ಒಳ್ಳೆಯ ಎಸಳು ನೀರಿಗೆ ಬಿದ್ದರೆ ನೀರು ಚಿನ್ನದ ಹಳದಿಯಾಗುತ್ತದೆ, ಎಸಳು ಮಾತ್ರ ತನ್ನ ಕೆಂಪನ್ನು ಉಳಿಸಿಕೊಳ್ಳುತ್ತದೆ. ಬಣ್ಣ ಹಾಕಿದ ಎಸಳಿನಿಂದ ಕೆಂಪು ಇಳಿದು ಎಸಳೇ ಪೇಲವವಾಗುತ್ತದೆ. ಹುವಾಂಗ್‌ಬಾಯಿ ಎಂಬ ಔಷಧಿ ಮರದ ತೊಗಟೆಗೆ ಔರಮೈನ್ ಓ ಎಂಬ ಕೈಗಾರಿಕಾ ಹಳದಿ ಬಣ್ಣ ಬಳಿದದ್ದೂ ಚೀನಾದ ತಪಾಸಣೆಗಳಲ್ಲಿ ಸಿಕ್ಕಿದೆ. ಬಣ್ಣ ಬಿಟ್ಟ ಸರಕನ್ನು ಅಲ್ಲೇ ನಿಲ್ಲಿಸಿ. ಮುಂದಿನ ಯಾವ ಟೆಸ್ಟೂ ಅದನ್ನು ಒಳ್ಳೆಯದು ಮಾಡುವುದಿಲ್ಲ.

ವಾಸನೆಯ ವಿಷಯ. ಮುಚ್ಚಳವಿರುವ ಗಾಜಿನ ಬಾಟಲಿಗೆ ಅರ್ಧದಷ್ಟು ಹೋಳು ತುಂಬಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮುಚ್ಚಳ ತೆರೆದು, ಮೂಗು ಹತ್ತಿರ ಒಯ್ಯದೆ, ಕೈಯಿಂದ ಗಾಳಿ ಬೀಸಿಕೊಳ್ಳಿ. ಮೂಗಿಗೆ ಚುಚ್ಚುವ ಹುಳಿ ಘಾಟು ಬಂದರೆ ಗಂಧಕದ ಹೊಗೆ ಕೊಟ್ಟಿದ್ದಾರೆ. ಉಬ್ಬಸ ಇರುವವರು ಈ ಕೆಲಸ ಮಾಡಬಾರದು. ಹುಳು ಹಿಡಿಯದಂತೆ, ಬೆಳ್ಳಗೆ ಕಾಣುವಂತೆ ಗಂಧಕ ಸುಡುವುದು ಹಳೆಯ ರೂಢಿ. ಸಾಮಾನ್ಯ ಮೂಲಿಕೆಗಳಲ್ಲಿ ಉಳಿಕೆ ಗಂಧಕದ ಡೈಆಕ್ಸೈಡ್ ಕಿಲೋಗೆ 150 ಮಿಲಿಗ್ರಾಂ ದಾಟಬಾರದು. ಬಾಯ್‌ಶಾವೊ, ಶಾನ್‌ಯಾವೊ, ತಿಯೆನ್‌ಮಾ ಮುಂತಾದ ಕೆಲವಕ್ಕೆ 400 ಮಿಲಿಗ್ರಾಂವರೆಗೆ ಸಡಿಲಿಕೆ ಇದೆ. ಗಂಧಕ ಬರೀ ವಾಸನೆಯ ಪ್ರಶ್ನೆಯಲ್ಲ. ಬಾಯ್‌ಶಾವೊ ಬೇರಿನ ಮುಖ್ಯ ಅಂಶ ಪಿಯೋನಿಫ್ಲೋರಿನ್, ಗಂಧಕದೊಂದಿಗೆ ಸೇರಿ ಪಿಯೋನಿಫ್ಲೋರಿನ್ ಸಲ್ಫೋನೇಟ್ ಎಂಬ ಬೇರೆಯೇ ವಸ್ತುವಾಗುತ್ತದೆ. ಎಚ್‌ಪಿಎಲ್‌ಸಿ ಎಂಬ ಯಂತ್ರ ಸಾರದ ಅಂಶಗಳನ್ನು ಬೇರ್ಪಡಿಸಿ, ಒಂದೊಂದು ಅಂಶ ಹೊರಬಂದ ಹೊತ್ತಿಗೆ ಒಂದೊಂದು ಏರು, ಅಂದರೆ ಪೀಕ್, ಇರುವ ಚಿತ್ರ ಬರೆಯುತ್ತದೆ. ಆಗ ಆ ಚಿತ್ರದಲ್ಲಿ ಹಳೆಯ ಪೀಕ್ ಕುಗ್ಗಿ ಹೊಸದೊಂದು ಎದ್ದಿರುತ್ತದೆ. ಮೂಗಿಗೆ ಬಡಿದದ್ದನ್ನು ಯಂತ್ರ ಸಂಖ್ಯೆಯಲ್ಲಿ ಹೇಳುತ್ತದೆ, ಅಷ್ಟೆ.

ಲಕ್ಷಣ: ಹಳದಿ ಹೋಳು ಹಸಿರಾಗಿದೆ

ಇದು ದಾನ್‌ಶೆನ್‌ದಲ್ಲ, ಹುವಾಂಗ್‌ಚಿನ್ ಎಂಬ ಬೇರಿನದು. ಆದರೂ ಇಲ್ಲಿ ಹೇಳಲೇಬೇಕು. ಕಾರಣ, ದೋಷ ಎಲ್ಲಿ ಆಯಿತೆಂದು ತಾನೇ ಬಣ್ಣದಲ್ಲಿ ಬರೆದು ತೋರಿಸುವ ಇಂಥ ಮೂಲಿಕೆ ಅಪರೂಪ.

ಒಳ್ಳೆಯ ಹುವಾಂಗ್‌ಚಿನ್ ಹೋಳು ಅರಿಸಿನದ ಹಳದಿ. ಅದರ ಮುಖ್ಯ ಅಂಶ ಬೈಕಾಲಿನ್. ಒಣ ಬೇರಿನಲ್ಲಿ ಇದು ಶೇ. 9ಕ್ಕಿಂತ ಕಡಿಮೆ ಇರಬಾರದು. ಬೇರಿನೊಳಗೇ ಬೈಕಾಲಿನ್ ಒಡೆಯುವ ಕಿಣ್ವವೂ ಇದೆ. ಬೇರನ್ನು ಮೆದು ಮಾಡಲು ತಣ್ಣೀರಿನಲ್ಲಿ ನೆನೆಹಾಕಿದರೆ ಆ ಕಿಣ್ವ ಎಚ್ಚರಗೊಂಡು ಬೈಕಾಲಿನ್‌ನಲ್ಲಿರುವ ಸಕ್ಕರೆಯ ಭಾಗವನ್ನು ಕತ್ತರಿಸಿ ಹಾಕುತ್ತದೆ. ಸಕ್ಕರೆ ಕಳೆದುಕೊಂಡು ಉಳಿದ ಭಾಗಕ್ಕೆ ಬೈಕಾಲೀನ್ ಎಂದು ಹೆಸರು, ಅದು ಗಾಳಿಗೆ ಆಕ್ಸಿಡೈಸ್ ಆಗಿ ಹಸಿರು ತಿರುಗುತ್ತದೆ. ಆದ್ದರಿಂದಲೇ ಫಾರ್ಮಕೋಪಿಯ ಹುವಾಂಗ್‌ಚಿನ್ ಅನ್ನು ಕುದಿಯುವ ನೀರಿನಲ್ಲಿ 10 ನಿಮಿಷ ಕುದಿಸಿ ಅಥವಾ ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ ಆಮೇಲೆ ಹೋಳು ಮಾಡಿ ಎನ್ನುತ್ತದೆ. ಬಿಸಿ ತಾಗಿದರೆ ಕಿಣ್ವ ಸಾಯುತ್ತದೆ, ಹಳದಿ ಉಳಿಯುತ್ತದೆ.

ಒಂದು ಹೋಳನ್ನು ಅಡ್ಡಕ್ಕೆ ಮುರಿದು ನೋಡಿ. ಹಸಿರು ಅಂಚಿನಲ್ಲಿ ಮಾತ್ರ ಇದ್ದು ಒಳಗೆ ಹಳದಿ ಇದ್ದರೆ ಗೋದಾಮಿನಲ್ಲಿ ತೇವ ತಾಗಿರುವ ಸಾಧ್ಯತೆ ಹೆಚ್ಚು. ಒಳಗಿನವರೆಗೂ ಹಸಿರಿದ್ದರೆ ಬೇಯಿಸದೆಯೇ ನೆನೆಸಿದ್ದಾರೆ ಎಂದು ಸಂಸ್ಕರಣೆ ಮಾಡಿದವರನ್ನು ಕೇಳಬಹುದು. ಎರಡರಲ್ಲೂ ಬೈಕಾಲಿನ್ ಅಳೆದು ಖಚಿತಪಡಿಸಿಕೊಳ್ಳಿ.

ಲಕ್ಷಣ: ಒಂದೇ ಚೀಲ, ಎರಡು ಉತ್ತರ

ಯಂತ್ರವನ್ನು ಬೈಯುವ ಮೊದಲು ಚೀಲಕ್ಕೆ ಕೈ ಹಾಕಿದ ರೀತಿಯನ್ನು ಕೇಳಿ. ದಾನ್‌ಶೆನ್‌ನಲ್ಲಿ ಟ್ಯಾನ್‌ಶಿನೋನ್‌ಗಳು ಹೆಚ್ಚಾಗಿ ಹೊರಗಿನ ಕೆಂಪು ಸಿಪ್ಪೆಯಲ್ಲೇ ಕೂತಿರುತ್ತವೆ. ಸಾಗಾಟದಲ್ಲಿ ಕುಲುಕಿದಾಗ ಆ ಸಿಪ್ಪೆ ಉದುರಿ ಪುಡಿಯಾಗಿ ಚೀಲದ ತಳ ಸೇರುತ್ತದೆ. ಒಬ್ಬರು ಮೇಲಿನಿಂದ ದಪ್ಪ ಹೋಳುಗಳನ್ನು ಹೆಕ್ಕುತ್ತಾರೆ, ಇನ್ನೊಬ್ಬರು ತಳದಿಂದ ಪುಡಿ ಬಾಚುತ್ತಾರೆ. ಇಬ್ಬರ ಲೆಕ್ಕವೂ ಸರಿ, ಇಬ್ಬರ ಸ್ಯಾಂಪಲ್ಲೂ ತಪ್ಪು.

ನಿಯಮ ಹೀಗಿದೆ. ಐದಕ್ಕಿಂತ ಕಡಿಮೆ ಚೀಲ ಬಂದರೆ ಪ್ರತಿಯೊಂದರಿಂದ ತೆಗೆಯಬೇಕು. 5ರಿಂದ 99 ಚೀಲಗಳಿದ್ದರೆ ಐದರಿಂದ, 100ರಿಂದ 1000 ಇದ್ದರೆ ನೂರಕ್ಕೆ ಐದರಂತೆ, ಸಾವಿರ ದಾಟಿದ ಭಾಗಕ್ಕೆ ನೂರಕ್ಕೆ ಒಂದರಂತೆ. ಚೀಲದ ಬಾಯಿಂದಲ್ಲ, ಕನಿಷ್ಠ 10 ಸೆಂಟಿಮೀಟರ್ ಆಳದಿಂದ, ಬೇರೆ ಬೇರೆ ಜಾಗದಿಂದ. ಎಲ್ಲವನ್ನೂ ಒಂದು ರಾಶಿ ಮಾಡಿ ಚೆನ್ನಾಗಿ ಕಲಸಿ, ಚೌಕಾಕಾರಕ್ಕೆ ಹರಡಿ, ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದು ನಾಲ್ಕು ಪಾಲು ಮಾಡಿ. ಎದುರುಬದುರಿನ ಎರಡು ಪಾಲು ಇಟ್ಟುಕೊಂಡು ಮತ್ತೆ ಕಲಸಿ, ಮತ್ತೆ ನಾಲ್ಕು. ಬೇಕಾದಷ್ಟಕ್ಕೆ ಇಳಿಯುವವರೆಗೆ ಹೀಗೆಯೇ. ಪುಡಿ ಮಾಡಿದ ಮೇಲೆ ಜರಡಿಯ ಮೇಲೆ ಉಳಿದ ನಾರನ್ನು ಎಸೆಯಬೇಡಿ. ಅದನ್ನೂ ಅರೆದು ಪೂರ್ತಿ ಜರಡಿ ಹಿಡಿಯಿರಿ. ಎಸೆದರೆ ಸುಲಭವಾಗಿ ಪುಡಿಯಾಗುವ ಸಿಪ್ಪೆಯ ಪಾಲು ಹೆಚ್ಚಾಗಿ ಟ್ಯಾನ್‌ಶಿನೋನ್ ಏರಿದಂತೆ ಕಾಣುತ್ತದೆ.

ಎರಡನೆಯ ಕಾರಣ ತೇವಾಂಶ. ದಾನ್‌ಶೆನ್‌ನಲ್ಲಿ ನೀರು ಶೇ. 13 ಮೀರಬಾರದು. ಅದರ ಒಂದು ಮುಖ್ಯ ಅಂಶವಾದ ಸಾಲ್ವಿಯಾನೋಲಿಕ್ ಆಮ್ಲ ಬಿ ಶೇ. 3ಕ್ಕಿಂತ ಕಡಿಮೆ ಇರಬಾರದು, ಅದೂ ಒಣ ತೂಕದ ಲೆಕ್ಕದಲ್ಲಿ. ಈಗ ಒಂದು ಲೆಕ್ಕ ಹಾಕಿ. ತೂಗಿದ ಪುಡಿಯಲ್ಲಿ ಶೇ. 2.80 ಸಿಕ್ಕಿದೆ. ಪುಡಿಯಲ್ಲಿ ನೀರು ಶೇ. 5 ಎಂದು ಹಿಡಿದರೆ ಒಣ ತೂಕಕ್ಕೆ ಶೇ. 2.95, ಫೇಲ್. ನೀರು ಶೇ. 13 ಎಂದು ಹಿಡಿದರೆ ಶೇ. 3.22, ಪಾಸ್. ಯಂತ್ರ ಹೇಳಿದ್ದು ಒಂದೇ ಸಂಖ್ಯೆ. ಬೆಳಿಗ್ಗೆ ತೇವಾಂಶ ಅಳೆದು, ಪುಡಿಯನ್ನು ತೆರೆದ ತಟ್ಟೆಯಲ್ಲಿ ಬಿಟ್ಟು, ಮಳೆಗಾಲದ ಸಂಜೆ ತೂಗಿದರೆ ಇದೇ ಆಗುವುದು. ತೇವಾಂಶಕ್ಕೂ ಮುಖ್ಯ ಪರೀಕ್ಷೆಗೂ ಒಂದೇ ಬಾಟಲಿಯಿಂದ, ಒಂದೇ ಹೊತ್ತಿನಲ್ಲಿ ತೂಗಿ.

ಲಕ್ಷಣ: ಬಂದ ಬ್ಯಾಚ್‌ಗಳೆಲ್ಲ ಒಟ್ಟಿಗೆ ಇಳಿದಿವೆ

ಮೂರು ಬೇರೆ ಊರುಗಳ ಬೇರು ಒಂದೇ ವಾರದಲ್ಲಿ ಒಂದೇ ಪ್ರಮಾಣದಲ್ಲಿ ಕೆಡುವುದು ತೀರಾ ಅಪರೂಪ. ದೋಷ ನಿಮ್ಮ ಮನೆಯೊಳಗೇ ಇದೆ ಎಂದು ಹಿಡಿದು ಹುಡುಕಿ.

ಮೊದಲು ಎತ್ತಿಟ್ಟ ಹಳೆಯ ಒಳ್ಳೆಯ ಬ್ಯಾಚನ್ನು ಹೊಸದರ ಜೊತೆಗೇ ತೂಗಿ ಯಂತ್ರದಲ್ಲಿ ಓಡಿಸಿ. ಅದೂ ಅಷ್ಟೇ ಇಳಿದಿದ್ದರೆ ಬೇರು ನಿರಪರಾಧಿ. ನಮ್ಮಲ್ಲಿ ಒಮ್ಮೆ ಹೀಗೆಯೇ ಆಗಿತ್ತು. ಸರಬರಾಜುದಾರರಿಗೆ ಖಾರವಾದ ಪತ್ರ ಹೋಗಿಯಾಗಿತ್ತು. ಆಮೇಲೆ ಹಳೆಯ ಡಬ್ಬಿಯ ಬೇರನ್ನು ಓಡಿಸಿದರೆ ಅದೂ ಕೆಳಗೆ. ಒಂದೊಂದೇ ಹೆಜ್ಜೆ ಹಿಂದಕ್ಕೆ ಹೋದಾಗ ಸಿಕ್ಕಿದ್ದು ಅಲ್ಟ್ರಾಸೋನಿಕ್ ಬಾತ್, ಅಂದರೆ ಶಬ್ದದ ಕಂಪನದಿಂದ ಬೇರಿನ ಸಾರ ಬಿಡಿಸುವ ನೀರಿನ ತೊಟ್ಟಿ. ಅದರಲ್ಲಿ ನೀರು ಫ್ಲಾಸ್ಕಿನ ಒಳಗಿನ ದ್ರವದ ಮಟ್ಟಕ್ಕಿಂತ ಎಷ್ಟೋ ಕೆಳಗಿತ್ತು. ಮೇಲಾಗಿ ಒಂದೇ ಸಲಕ್ಕೆ ಹನ್ನೆರಡು ಫ್ಲಾಸ್ಕು ತುರುಕಿದ್ದೆವು. ಬೇರಿನಲ್ಲಿದ್ದದ್ದು ಬೇರಿನಲ್ಲೇ ಉಳಿದಿತ್ತು. ಕ್ಷಮೆ ಕೇಳಿ ಎರಡನೆಯ ಪತ್ರ ಬರೆದೆವು. ಅಂದಿನಿಂದ ಹಳೆಯ ಬ್ಯಾಚು ಓಡಿಸದೆ ಯಾರ ಮೇಲೂ ದೂರು ಬರೆಯಲು ನಾನು ಸಹಿ ಹಾಕಿಲ್ಲ.

ಸೋಸುವ ಮುಂಚೆ ಫ್ಲಾಸ್ಕನ್ನು ತಣಿಸಿ ಮತ್ತೆ ತೂಗಿದಿರಾ, ಆವಿಯಾದ ದ್ರಾವಕವನ್ನು ತುಂಬಿಕೊಟ್ಟಿರಾ? ಬಿಟ್ಟಿದ್ದರೆ ಸಂಖ್ಯೆ ಇಳಿಯುವ ಬದಲು ಏರುತ್ತದೆ. ಹೋಲಿಕೆಗೆಂದು ಇಡುವ, ಪ್ರಮಾಣ ಗೊತ್ತಿರುವ ಸ್ಟ್ಯಾಂಡರ್ಡ್ ದ್ರಾವಣ ಹಳತಾಗಿದ್ದರೂ ಹಾಗೆಯೇ. ಸ್ಟ್ಯಾಂಡರ್ಡ್ ಸವೆದಿದ್ದರೆ ಸ್ಯಾಂಪಲ್ ಎಲ್ಲ ಶ್ರೀಮಂತವಾಗಿ ಕಾಣುತ್ತದೆ. ಎಲ್ಲರೂ ಖುಷಿಯಾಗಿರುವುದರಿಂದ ಈ ದೋಷ ತಿಂಗಳುಗಟ್ಟಲೆ ಸಿಗದೇ ಉಳಿಯುತ್ತದೆ. ಏರಿದ ಸಂಖ್ಯೆಯನ್ನೂ ಇಳಿದ ಸಂಖ್ಯೆಯಷ್ಟೇ ಗಂಭೀರವಾಗಿ ತೆಗೆದುಕೊಳ್ಳಿ.

ಪೀಕ್‌ಗಳು ಎತ್ತರ ಬದಲಿಸದೆ ಎಲ್ಲ ಒಟ್ಟಿಗೆ ಮುಂದೆ ಅಥವಾ ಹಿಂದೆ ಸರಿದಿದ್ದರೆ ಯಂತ್ರದೊಳಗೆ ಹರಿಯುವ ದ್ರವದ, ಅಂದರೆ ಮೊಬೈಲ್ ಫೇಸಿನ ಮಿಶ್ರಣ, ಪಂಪಿನ ಹರಿವು, ಅಂಶಗಳನ್ನು ಬೇರ್ಪಡಿಸುವ ಕೊಳವೆಯಾದ ಕಾಲಮ್ಮಿನ ಉಷ್ಣತೆ ನೋಡಿ. ಸಾಲ್ವಿಯಾನೋಲಿಕ್ ಆಮ್ಲದ ಪೀಕ್ ಮಾತ್ರ ಅಗಲವಾಗಿ, ಬಾಲ ಎಳೆದುಕೊಂಡು ಬಂದರೆ ಮೊಬೈಲ್ ಫೇಸಿಗೆ ಫಾಸ್ಪೊರಿಕ್ ಆಮ್ಲ ಹಾಕಲು ಮರೆತಿರಬಹುದು. ಹೆಸರೇ ಹೇಳುವಂತೆ ಅದು ಆಮ್ಲ, ಆಮ್ಲೀಯ ನೀರಿಲ್ಲದೆ ಕಾಲಮ್ಮಿನಲ್ಲಿ ನೆಟ್ಟಗೆ ನಿಲ್ಲುವುದಿಲ್ಲ. ಒತ್ತಡವೂ ಏರಿದ್ದರೆ ಕಾಲಮ್ಮಿನ ಮುಂದೆ ಕಸ ತಡೆಯುವ ಗಾರ್ಡ್ ಕಾಲಮ್ ಬದಲಿಸಿ. ಇಲ್ಲಿಗೂ ಸರಿಹೋಗದಿದ್ದರೆ ಯಂತ್ರವನ್ನು ಬಿಚ್ಚಲು ಹೋಗಬೇಡಿ, ಸರ್ವಿಸ್ ಎಂಜಿನಿಯರನ್ನು ಕರೆಯಿರಿ.

ಲಕ್ಷಣ: ಒಂದು ಅಂಶ ಇಳಿದಿದೆ, ಇನ್ನೊಂದು ಸರಿಯಾಗಿದೆ

ಈಗ ಬೇರು ಮಾತಾಡಲು ಶುರುಮಾಡಿದೆ ಎಂದು ತಿಳಿಯಿರಿ. ದಾನ್‌ಶೆನ್‌ನಲ್ಲಿ ಎರಡು ಬಗೆಯ ಅಂಶಗಳಿವೆ. ನೀರಿಗೆ ಒಗ್ಗುವ ಫೀನಾಲಿಕ್ ಆಮ್ಲಗಳು, ಅವುಗಳಲ್ಲಿ ದೊಡ್ಡದು ಸಾಲ್ವಿಯಾನೋಲಿಕ್ ಆಮ್ಲ ಬಿ. ಕೊಬ್ಬಿಗೆ ಒಗ್ಗುವ ಟ್ಯಾನ್‌ಶಿನೋನ್‌ಗಳು, ಅವುಗಳಲ್ಲಿ ಮೂರನ್ನು ಕೂಡಿದರೆ ಶೇ. 0.25 ಆದರೂ ಇರಬೇಕು. ಎರಡೂ ಬೇರೆ ಬೇರೆ ಕಾರಣಕ್ಕೆ ಕೆಡುತ್ತವೆ, ಅದೇ ನಮಗೆ ಅನುಕೂಲ.

ಆಮ್ಲ ಬಿ ಇಳಿದು, ದಾನ್‌ಶೆನ್‌ಸು ಮತ್ತು ಪ್ರೋಟೊಕ್ಯಾಟೆಕ್ಯುಯಿಕ್ ಆಲ್ಡಿಹೈಡ್ ಎಂಬ ಚಿಕ್ಕ ಪೀಕ್‌ಗಳು ಎದ್ದಿದ್ದರೆ ಶಾಖದ ಗುರುತು. ಆಮ್ಲ ಬಿ ದೊಡ್ಡ ಅಣು. ನೀರಿನಲ್ಲಿ ಹೆಚ್ಚು ಹೊತ್ತು ಕುದಿಸಿದರೆ ಒಡೆದು ಈ ಚೂರುಗಳಾಗುತ್ತದೆ. ಬೇರಿನಲ್ಲೇ ಹೀಗಿದ್ದರೆ ಒಣಗಿಸುವಾಗ ಅಥವಾ ದಾಸ್ತಾನಿನಲ್ಲಿ ಬಿಸಿ, ತೇವ ಎರಡೂ ತಾಗಿವೆ. ಸಾರದ ಪುಡಿಯಲ್ಲಿ ಹೀಗಿದ್ದರೆ ಕಾರ್ಖಾನೆಯ ಕುದಿಸುವ ಹೊತ್ತನ್ನೂ ಇಂಗಿಸುವ ಉಷ್ಣತೆಯನ್ನೂ ಕೇಳಿ ಪಡೆಯಿರಿ.

ಟ್ಯಾನ್‌ಶಿನೋನ್ ಇಳಿದು ಆಮ್ಲ ಸರಿಯಿದ್ದರೆ ಸಿಪ್ಪೆ ಹೋಗಿದೆ ಅಥವಾ ಬೆಳಕು ತಿಂದಿದೆ. ಹೋಳುಗಳನ್ನು ಭೂತಗನ್ನಡಿಯಲ್ಲಿ ನೋಡಿ, ಅಂಚಿನ ಕೆಂಪು ಪಟ್ಟಿ ಸವೆದಿದೆಯೇ? ಲ್ಯಾಬಿನಲ್ಲೂ ಈ ದ್ರಾವಣವನ್ನು ಕಂದು ಬಣ್ಣದ ಫ್ಲಾಸ್ಕಿನಲ್ಲೇ ಇಡಬೇಕು.

ಎರಡೂ ಇಳಿದಿದ್ದರೆ ಅಗ್ಗದ ಎರಡು ಟೆಸ್ಟ್ ಮಾಡಿ. ನೀರಿನಲ್ಲಿ ಕರಗುವ ಸಾರ ಶೇ. 35 ಆದರೂ ಇರಬೇಕು. ಬಹಳ ಕಡಿಮೆ ಬಂದರೆ ಒಮ್ಮೆ ಸಾರ ತೆಗೆದ ಚರಟವನ್ನು ಒಣಗಿಸಿ ಬೆರೆಸಿದ್ದಾರೆಯೇ ಎಂದು ಕೇಳಬೇಕಾಗುತ್ತದೆ. ಆಮ್ಲದಲ್ಲಿ ಕರಗದ ಬೂದಿ ಶೇ. 3 ದಾಟಿದರೆ ನೀವು ಬೇರಿನ ಬೆಲೆಗೆ ಮರಳು ಕೊಂಡಿದ್ದೀರಿ.

ಲಕ್ಷಣ: ಸಂಖ್ಯೆ ಪಾಸ್, ಚಿತ್ರ ಬೇರೆ

ನನ್ನ ಮಟ್ಟಿಗೆ ಇದೇ ಅತಿ ಮುಖ್ಯ ಭಾಗ. ಒಂದೋ ಎರಡೋ ಅಂಶ ಅಳೆದು ಪಾಸ್ ಎಂದರೆ ಗಿಡದ ಹತ್ತಾರು ಅಂಶಗಳ ಬಗ್ಗೆ ನಾವು ಏನೂ ಹೇಳಿದಂತಾಗುವುದಿಲ್ಲ. ಅದಕ್ಕೇ ಚೀನಾದ ಔಷಧ ನಿಯಂತ್ರಕರು 2000ದಲ್ಲಿ ಗಿಡಮೂಲಿಕೆ ಇಂಜೆಕ್ಷನ್‌ಗಳಿಗೆ ಬೆರಳಚ್ಚು ಚಿತ್ರ ಕೇಳಲು ಶುರುಮಾಡಿದರು. ಕನಿಷ್ಠ ಹತ್ತು ಬ್ಯಾಚುಗಳ ಎಚ್‌ಪಿಎಲ್‌ಸಿ ಚಿತ್ರ ತೆಗೆದು, ಅವುಗಳ ಸರಾಸರಿಯಿಂದ ಒಂದು ಮಾದರಿ ಚಿತ್ರ ಮಾಡಿ, ಹೊಸ ಬ್ಯಾಚನ್ನು ಅದರೊಂದಿಗೆ ಹೋಲಿಸುವುದು ಪದ್ಧತಿ. ಪೂರ್ತಿ ಒಂದೇ ಇದ್ದರೆ ಹೋಲಿಕೆ 1, ಸಾಮಾನ್ಯವಾಗಿ ಅದು 0.90 ದಾಟಬೇಕು.

ಆದರೆ ಆ 0.90ನ್ನೇ ನಂಬಿ ಕೂರಬೇಡಿ. ಸಾಫ್ಟ್‌ವೇರ್ ಲೆಕ್ಕ ಹಾಕುವುದು ಎರಡು ಚಿತ್ರಗಳ ನಡುವಿನ ಕೋನದ ಕೊಸೈನ್. ಅದರಲ್ಲಿ ದೊಡ್ಡ ಪೀಕ್‌ನದೇ ಯಜಮಾನಿಕೆ. ಹಾಳೆಯಲ್ಲಿ ಹಾಕಿ ನೋಡಿ. ಮಾದರಿಯಲ್ಲಿ 100 ಎತ್ತರದ ಒಂದು ಪೀಕ್, 5 ಎತ್ತರದ ಮೂರು ಪೀಕ್ ಇವೆ ಎನ್ನಿ. ಹೊಸ ಬ್ಯಾಚಿನಲ್ಲಿ ಚಿಕ್ಕ ಪೀಕ್ ಒಂದು ಪೂರ್ತಿ ಮಾಯ. ಹೋಲಿಕೆ 0.999. ಮೂರು ಚಿಕ್ಕವೂ ಮಾಯವಾದರೂ 0.996. ಅದೇ ದೊಡ್ಡ ಪೀಕನ್ನು ಲೆಕ್ಕದಿಂದ ತೆಗೆದು, ಒಂದು ಚಿಕ್ಕದು ಮಾಯವಾದ ಬ್ಯಾಚನ್ನೇ ಮತ್ತೆ ಹೋಲಿಸಿದರೆ 0.82. ದಾನ್‌ಶೆನ್‌ನ ನೀರಿನ ಸಾರದಲ್ಲಿ ಆಮ್ಲ ಬಿ ಇಂಥದೇ ದೊಡ್ಡ ಪೀಕ್. ಹಾಗಾಗಿ ಎರಡು ಲೆಕ್ಕವನ್ನೂ ಮಾಡಿ, ದೊಡ್ಡದು ಸೇರಿಸಿ ಒಂದು, ಬಿಟ್ಟು ಒಂದು. ಆಮೇಲೆ ಎರಡು ಚಿತ್ರಗಳನ್ನು ಪರದೆಯ ಮೇಲೆ ಒಂದರ ಕೆಳಗೊಂದು ಇಟ್ಟು, ತಳದ ಗೆರೆಯನ್ನು ಹಿಗ್ಗಿಸಿ, ಕಣ್ಣಿನಿಂದಲೇ ಎಡದಿಂದ ಬಲಕ್ಕೆ ಹೋಗಿ. ಹತ್ತು ನಿಮಿಷದ ಕೆಲಸ.

ಸಂಖ್ಯೆ ಮೋಸ ಹೋದ ದೊಡ್ಡ ಪ್ರಕರಣ 2015ರಲ್ಲಿ ಚೀನಾದಲ್ಲೇ ಬೆಳಕಿಗೆ ಬಂತು. ಗಿಂಕೊ ಎಲೆಯ ಸಾರವನ್ನು ತೆಳು ಎಥನಾಲ್‌ನಲ್ಲಿ ತೆಗೆಯಬೇಕಿತ್ತು. ಖರ್ಚು ಉಳಿಸಲು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತೆಗೆದಿದ್ದರು. ಆಮ್ಲ ಎಲೆಯ ಫ್ಲೇವನಾಲ್ ಗ್ಲೈಕೋಸೈಡ್‌ಗಳ ಸಕ್ಕರೆಯನ್ನು ಕತ್ತರಿಸಿ ಕ್ವೆರ್ಸೆಟಿನ್, ಕೆಂಪ್‌ಫೆರಾಲ್‌ಗಳನ್ನು ಬಿಡಿಯಾಗಿ ಉಳಿಸಿತ್ತು. ಅಧಿಕೃತ ಟೆಸ್ಟಿನಲ್ಲೂ ಅಳೆಯುವ ಮೊದಲು ಸ್ಯಾಂಪಲನ್ನು ಆಮ್ಲದಲ್ಲಿ ಕುದಿಸುತ್ತಿದ್ದರು. ಹಾಗಾಗಿ ಸಕ್ಕರೆ ಮೊದಲೇ ಹೋಗಿತ್ತೇ, ಈಗ ಹೋಯಿತೇ ಎಂದು ಆ ಟೆಸ್ಟಿಗೆ ಗೊತ್ತಾಗುವಂತಿರಲಿಲ್ಲ. ಕೊನೆಗೆ ಕುದಿಸದೆಯೇ ಬಿಡಿ ಕ್ವೆರ್ಸೆಟಿನ್ ಅಳೆಯುವ ಹೆಚ್ಚುವರಿ ವಿಧಾನವನ್ನು ಇಲಾಖೆ ಹೊರಡಿಸಬೇಕಾಯಿತು. ನಿಮ್ಮ ಟೆಸ್ಟ್ ಯಾವುದನ್ನು ನೋಡಲಾರದು ಎಂದು ಬರೆದಿಟ್ಟುಕೊಳ್ಳುವ ಅಭ್ಯಾಸ ನನಗೆ ಬಂದದ್ದು ಈ ಪ್ರಕರಣ ಓದಿದ ಮೇಲೆ.

ಲಕ್ಷಣ: ಹಿಂದೆಂದೂ ಕಾಣದ ಪೀಕ್, ಅಥವಾ ಇರಲೇಬೇಕಾದದ್ದು ಇಲ್ಲ

ಇಲ್ಲಿ ಕೆಲಸ ನಿಲ್ಲಿಸಿ. ಸರಕಿಗೆ ಕೆಂಪು ಚೀಟಿ ಅಂಟಿಸಿ ಬೀಗ ಹಾಕಿ. ಗಿಡವೇ ಬೇರೆಯಾಗಿರಬಹುದು.

1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ತೂಕ ಇಳಿಸುವ ಚಿಕಿತ್ಸಾಲಯವೊಂದು ಚೀನೀ ಮೂಲಿಕೆ ಸೇರಿದ ಗುಳಿಗೆ ಕೊಡುತ್ತಿತ್ತು. ಅದರಲ್ಲಿ ಫಾಂಗ್‌ಜಿ, ಅಂದರೆ ಸ್ಟೆಫಾನಿಯಾ ಟೆಟ್ರಾಂಡ್ರಾ ಬೇರು ಇರಬೇಕಿತ್ತು. ಅದರ ಬದಲು ಬಂದದ್ದು ಗುವಾಂಗ್ ಫಾಂಗ್‌ಜಿ, ಅಂದರೆ ಅರಿಸ್ಟೊಲೋಕಿಯಾ ಫಾಂಗ್‌ಚಿ. ಹೆಸರಿನಲ್ಲಿ ಒಂದು ಶಬ್ದದ ವ್ಯತ್ಯಾಸ. ಅದರೊಳಗಿನ ಅರಿಸ್ಟೊಲೋಕಿಕ್ ಆಮ್ಲ ನೂರಕ್ಕೂ ಹೆಚ್ಚು ಮಂದಿಯ, ಬಹುಪಾಲು ಹೆಂಗಸರ, ಮೂತ್ರಪಿಂಡಗಳನ್ನು ಕೆಡಿಸಿತು. ಮೂತ್ರನಾಳದ ಕ್ಯಾನ್ಸರೂ ಹಿಂಬಾಲಿಸಿತು. ಈ ಆಮ್ಲ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂಬುದು ಈಗ ಖಚಿತ.

ನೋವಿನ ಸಂಗತಿಯೆಂದರೆ ಅಂಶಗಳನ್ನು ಚುಕ್ಕೆಗಳಾಗಿ ಬೇರ್ಪಡಿಸಿ ತೋರಿಸುವ ಒಂದು ಸರಳ ಟಿಎಲ್‌ಸಿ ಪ್ಲೇಟು ಇದನ್ನು ಹಿಡಿಯಬಲ್ಲದು. ನಿಜವಾದ ಫಾಂಗ್‌ಜಿಯಲ್ಲಿ ಟೆಟ್ರಾಂಡ್ರಿನ್ ಇರುತ್ತದೆ, ಅರಿಸ್ಟೊಲೋಕಿಯಾದಲ್ಲಿ ಇರುವುದಿಲ್ಲ. ಸ್ಟ್ಯಾಂಡರ್ಡ್ ಚುಕ್ಕೆಯ ಪಕ್ಕದಲ್ಲಿ ಸ್ಯಾಂಪಲ್ ಚುಕ್ಕೆ ಏಳದಿದ್ದರೆ ಅಷ್ಟಕ್ಕೇ ಬಾಗಿಲು ಹಾಕಬಹುದು. ಆದರೆ ಅರಿಸ್ಟೊಲೋಕಿಕ್ ಆಮ್ಲ ಇಲ್ಲವೇ ಇಲ್ಲ ಎಂದು ಹೇಳಲು ಟಿಎಲ್‌ಸಿ ಸಾಲದು. ಬೆರಕೆ ಸ್ವಲ್ಪವಿದ್ದರೆ ಅದರ ಕಣ್ಣು ತಪ್ಪುತ್ತದೆ. ಆ ಮಾತಿಗೆ ಅಣುಗಳ ತೂಕವನ್ನೇ ಅಳೆಯುವ ಎಲ್‌ಸಿ-ಎಂಎಸ್ ಯಂತ್ರ ಬೇಕು.

ದಾನ್‌ಶೆನ್‌ನಲ್ಲಿ ಅಪಾಯ ಇಷ್ಟು ಘೋರವಲ್ಲ, ಆದರೂ ಬದಲಿ ಉಂಟು. ಯುನ್ನಾನ್ ಕಡೆಯ ಸಾಲ್ವಿಯಾ ಯುನ್ನಾನೆನ್ಸಿಸ್, ಗಾನ್ಸು ಕಡೆಯ ಸಾಲ್ವಿಯಾ ಪ್ರಜೆವಾಲ್ಸ್‌ಕಿ ಇದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಬೇರು ಹೋಳಾಗಿದ್ದರೂ ಪುಡಿಯಾಗಿದ್ದರೂ ಐಟಿಎಸ್2 ಎಂಬ ಡಿಎನ್‌ಎ ಬಾರ್‌ಕೋಡ್ ಜಾತಿಯನ್ನು ಹೇಳಬಲ್ಲದು. ಕುದಿಸಿದ ಸಾರದಲ್ಲಿ ಡಿಎನ್‌ಎ ಚೂರಾಗಿರುವುದರಿಂದ ಈ ವಿಧಾನ ನಂಬಿಕೆಗೆ ಅರ್ಹವಲ್ಲ. ಜಾತಿ ಸರಿಯಿದೆ ಎಂದ ಮಾತ್ರಕ್ಕೆ ಸಂಸ್ಕರಣೆ ಸರಿಯಿದೆ ಎಂದೂ ಅಲ್ಲ.

ಇದೇ ಜಾಗದಲ್ಲಿ ಭಾರಲೋಹವನ್ನೂ ಹೇಳಿಬಿಡುತ್ತೇನೆ. ದಾನ್‌ಶೆನ್‌ನಲ್ಲಿ ಕಿಲೋಗೆ ಸೀಸ 5, ಕ್ಯಾಡ್ಮಿಯಂ 1, ಆರ್ಸೆನಿಕ್ 2, ಪಾದರಸ 0.2, ತಾಮ್ರ 20 ಮಿಲಿಗ್ರಾಂ ದಾಟಬಾರದು. ಕಣ್ಣು, ಮೂಗು, ಎಚ್‌ಪಿಎಲ್‌ಸಿ ಯಾವುದೂ ಇದನ್ನು ಕಾಣಲಾರವು.

ಈ ಬೇರಿನ ಔಷಧಿ ಈಗಾಗಲೇ ತಿನ್ನುತ್ತಿರುವವರು ಓದುತ್ತಿದ್ದರೆ ಒಂದು ಮಾತು. ಲೋಟದ ನೀರಿನ ಪರೀಕ್ಷೆ ಮಾಡಿ ಸುರಕ್ಷಿತ ಎಂದುಕೊಳ್ಳಬೇಡಿ. ವಾರ್‌ಫರಿನ್‌ನಂಥ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ನುಂಗುವವರಿಗೆ ಒಳ್ಳೆಯ ದಾನ್‌ಶೆನ್ ಕೂಡ ಅಪಾಯ. ಎರಡೂ ಸೇರಿ ರಕ್ತಸ್ರಾವ ಆದ ವರದಿಗಳಿವೆ. ಡಾಕ್ಟರಿಗೆ ಡಬ್ಬಿ ಸಮೇತ ತೋರಿಸಿ.

ಲಕ್ಷಣ: ಎಲ್ಲವೂ ಸರಿ, ಆದರೂ ವರ್ಷ ವರ್ಷ ಬೇರೆ

ಗಿಡ ಅದೇ, ಯಂತ್ರ ಸರಿ, ಮಿತಿಯೊಳಗೇ ಇದೆ. ಒಂದು ವರ್ಷ ಆಮ್ಲ ಬಿ ಶೇ. 3.2, ಮರುವರ್ಷ ಶೇ. 6. ಇದು ದೋಷವಲ್ಲ, ಬೆಳೆ. ಮಣ್ಣು, ಮಳೆ, ಅಗೆದ ತಿಂಗಳು, ಬೀಜದ ತಳಿ ಎಲ್ಲ ಸೇರಿದ ಫಲ. ಹಳಬರು ಮೂಲಿಕೆಗೊಂದು ತವರೂರು ಹೇಳುತ್ತಿದ್ದುದು ಇದಕ್ಕೇ. ದಾನ್‌ಶೆನ್‌ಗೆ ಸಿಚುವಾನಿನ ಝೊಂಗ್‌ಜಿಯಾಂಗ್, ಸಾನ್‌ಚಿಗೆ ಯುನ್ನಾನಿನ ವೆನ್‌ಶಾನ್, ದಾಂಗ್‌ಗುಯಿಗೆ ಗಾನ್ಸುವಿನ ಮಿನ್ ಕೌಂಟಿ.

ಸರಬರಾಜುದಾರರಿಂದ ಪ್ರಾಂತ್ಯದ ಹೆಸರಲ್ಲ, ಕೌಂಟಿಯ ಹೆಸರು ಮತ್ತು ಅಗೆದ ತಿಂಗಳು ಕೇಳಿ. ಹೇಳಲಾಗದವರು ಮಂಡಿಯಲ್ಲಿ ಕೊಂಡು ಮಾರುವವರು. ಆಮೇಲೆ ಬ್ಯಾಚುಗಳನ್ನು ಬೆರೆಸಿ ಹದ ಮಾಡುವ ದಾರಿ ಇದೆ, 2020ರಲ್ಲಿ ಚೀನಾದ ಇಲಾಖೆ ಅದಕ್ಕೆ ಮಾರ್ಗಸೂಚಿಯನ್ನೂ ಕೊಟ್ಟಿದೆ. ಪಾಸಾದ ಬ್ಯಾಚಿಗೆ ಪಾಸಾದ ಬ್ಯಾಚನ್ನೇ ಬೆರೆಸಬೇಕು. ಫೇಲಾದದ್ದನ್ನು ಒಳ್ಳೆಯದರಲ್ಲಿ ಮುಳುಗಿಸಿ ಪಾಸು ಮಾಡುವುದು ಹದ ಮಾಡುವುದಲ್ಲ, ಬೆರಕೆ.

ಹೊರಗಿನ ದೊಡ್ಡ ಲ್ಯಾಬಿಗೆ ಕಳಿಸುವಾಗ

ಬರೀ ಪುಡಿ ಕಳಿಸಬೇಡಿ. ಪುಡಿ ಮಾಡದ ಹೋಳು, ಎತ್ತಿಟ್ಟ ಹಳೆಯ ಬ್ಯಾಚಿನ ಪಾಲು, ನಿಮ್ಮ ಎರಡೂ ಚಿತ್ರಗಳು, ತೇವಾಂಶ ಅಳೆದ ದಿನಾಂಕ, ಚೀಲದ ಚೀಟಿಯ ಫೋಟೋ ಜೊತೆಗಿರಲಿ. ‘ಪೂರ್ತಿ ಪರೀಕ್ಷೆ ಮಾಡಿ’ ಎಂದು ಬರೆದರೆ ದುಡ್ಡು ಹೋಗುತ್ತದೆ, ಉತ್ತರ ಬರುವುದಿಲ್ಲ. ‘18ನೇ ನಿಮಿಷದ ಪೀಕ್ ಏನು, ಅರಿಸ್ಟೊಲೋಕಿಕ್ ಆಮ್ಲ ಇದೆಯೇ’ ಎಂಬಂತೆ ನಿಮ್ಮ ಪ್ರಶ್ನೆಯನ್ನು ನೇರವಾಗಿ ಬರೆಯಿರಿ. ಉತ್ತರ ಕೈಗೆ ಬರುವವರೆಗೆ ಗೋದಾಮಿನ ಬೀಗದ ಕೈ ನಿಮ್ಮಲ್ಲೇ ಇರಲಿ.